ತುಮಕೂರಿನಲ್ಲೇ ಕಾದೆವು, ಒಟ್ಟಿಗೇ ಇದ್ದೆವು: ಕೈಹಿಡಿದವರಿಗೆಲ್ಲ ನಮಸ್ಕಾರ

ಅಮೆರಿಕಕ್ಕೆ ಹೋಗಿ ನೆಲೆಸುವ ವೀಸಾ ಬಂತು. ನಾವು ಗಂಡ ಹೆಂಡತಿ; ನಮ್ಮಲ್ಲಿ ಒಬ್ಬರು ತುಮಕೂರಿನವರು, ಇನ್ನೊಬ್ಬರು ಅಮೆರಿಕದ ಪ್ರಜೆ. ಅರ್ಜಿ ಹಾಕಿ ಗಂಡ ಅಲ್ಲಿ, ಹೆಂಡತಿ ಇಲ್ಲಿ ಎಂದು ದೂರ ದೂರ ಉಳಿಯುವ ಜೋಡಿಗಳೇ ಹೆಚ್ಚು. ಹಾಗಾಗದೆ ಇಲ್ಲೇ ಮನೆ ಮಾಡಿಕೊಂಡು, ಒಟ್ಟಿಗಿದ್ದು ಕಾಯಲು ನಮಗೆ ಆಗಿದ್ದರೆ ಅದಕ್ಕೆ ಕಾರಣ ಈ ಊರಿನ ಹಲವರು. ಅಮೆರಿಕದ ವಲಸೆ ಫೈಲಿನ ಮುಕ್ಕಾಲು ಪಾಲು ಕಾಗದ ತಯಾರಾಗುವುದು ಅಮೆರಿಕದಲ್ಲಲ್ಲ, ನಮ್ಮ ತಾಲ್ಲೂಕು ಕಚೇರಿ, ನೋಂದಣಿ ಕಚೇರಿ, ಪೋಸ್ಟ್ ಆಫೀಸು, ಪೊಲೀಸ್ ಠಾಣೆಗಳಲ್ಲಿ. ಯಾರು ಏನು ಮಾಡಿಕೊಟ್ಟರು ಎಂದು ಬಿಡಿಸಿ ಹೇಳಿದರೆ ಈಗ ಅರ್ಜಿ ಹಾಕಿ ಕೂತವರಿಗೂ ದಾರಿ ಕಾಣುತ್ತದೆ. ಅದಕ್ಕೇ ಇಷ್ಟು ಉದ್ದದ ಬರಹ. ಹೆಸರು ಯಾರದ್ದೂ ಹಾಕಿಲ್ಲ, ಓದಿದರೆ ಅವರಿಗೆ ಗೊತ್ತಾಗುತ್ತದೆ.

ಮೊದಲ ನಮಸ್ಕಾರ ಮನೆ ಓನರ್ ಅಮ್ಮನಿಗೆ. ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರ ತಿಳಿಸುವ ಫಾರ್ಮ್ ತುಂಬಬೇಕು. ಇದು ಹೋಟೆಲಿನವರಿಗೆ ಮಾತ್ರ ಎಂದುಕೊಂಡವರೇ ಜಾಸ್ತಿ. 'ಪೊಲೀಸು ಗಿಲೀಸು ನಮಗ್ಯಾಕೆ' ಎಂದು ಮನೆ ಕೊಡಲು ಹಿಂಜರಿಯುವವರೂ ಇದ್ದಾರೆ. ಈ ಅಮ್ಮ ಮಗಳ ಕೈಲಿ ಫಾರ್ಮ್ ತುಂಬಿಸಿ, ಬಾಡಿಗೆ ಕರಾರನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಮಾಡಿಕೊಟ್ಟರು. ಆ ಒಂದು ಕರಾರು ಎರಡು ಕಡೆ ಕೆಲಸಕ್ಕೆ ಬರುತ್ತದೆ. ವಿದೇಶಿ ಸಂಗಾತಿಯ ನೋಂದಣಿಗೆ ಅದೇ ವಿಳಾಸದ ಪುರಾವೆ, ಅಮೆರಿಕದ ಅರ್ಜಿಗೆ ಅದೇ ಇಬ್ಬರೂ ಒಟ್ಟಿಗೆ ಬಾಳುತ್ತಿರುವ ಪುರಾವೆ. ಜೊತೆಗೆ ಬೆಸ್ಕಾಂ ಬಿಲ್ಲಿನ ಪ್ರತಿ, ಓನರ್ ಗುರುತಿನ ಚೀಟಿಯ ಪ್ರತಿಯನ್ನೂ ಕೇಳಿ ಇಟ್ಟುಕೊಂಡಿರಿ.

ಇಲ್ಲಿ ಬಂದು ಇರುವ ಸಂಗಾತಿ ಯಾವ ವೀಸಾದಲ್ಲಿ ಬರುತ್ತಾರೆ ಎನ್ನುವುದನ್ನು ಬರುವ ಮುಂಚೆಯೇ ತೀರ್ಮಾನಿಸಿ. ಪ್ರವಾಸಿ ವೀಸಾದಲ್ಲಿ ಅಮೆರಿಕದವರು ಒಂದು ಸಲಕ್ಕೆ 180 ದಿನ ಮೀರಿ ಇರುವಂತಿಲ್ಲ. ಭಾರತೀಯರನ್ನು ಮದುವೆಯಾದವರಿಗೆ ಎಂಟ್ರಿ ವೀಸಾ ಎಂದೇ ಇದೆ, ಅದನ್ನು ಅಲ್ಲಿಂದಲೇ ಮಾಡಿಸಿಕೊಂಡು ಬರುವುದು ಕ್ಷೇಮ. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದು ನೋಂದಣಿ ಮಾಡಿಸಬೇಕಾದವರು ಬಂದಿಳಿದ 14 ದಿನದೊಳಗೆ ವಿದೇಶಿಯರ ನೋಂದಣಿಯ ಸರ್ಕಾರಿ ಆನ್‌ಲೈನ್ ತಾಣವಾದ ಇ-ಎಫ್‌ಆರ್‌ಆರ್‌ಒದಲ್ಲಿ ಮಾಡಿಸಬೇಕು. ಆ ವೀಸಾದಲ್ಲಿ ಹಾಗೆಯೇ ಇಲ್ಲಿನ ಕೆಲಸಕ್ಕೆ ಸೇರುವಂತಿಲ್ಲ. ಮದುವೆ ನೋಂದಣಿಯಾಗಿ, ಎರಡು ವರ್ಷ ಸಂಸಾರ ನಡೆದ ಮೇಲೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಕಾರ್ಡು ಬಂದರೆ ಅವಧಿ ವಿಸ್ತರಣೆಯ ಓಡಾಟ ತಪ್ಪುತ್ತದೆ. ವಿಚಾರಣೆಗೆ ಮನೆಗೆ ಬಂದ ಠಾಣೆಯ ಸಿಬ್ಬಂದಿ ಅಕ್ಕಪಕ್ಕದವರನ್ನು ಗಾಬರಿ ಮಾಡದೆ ಸಮಾಧಾನದಿಂದ ಕೇಳಿಕೊಂಡು ಹೋದರು. ಅವರಿಗೂ ಋಣಿ.

ಉಪ ನೋಂದಣಾಧಿಕಾರಿ ಕಚೇರಿಯ ಗುಮಾಸ್ತರಿಗೆ ವಿಶೇಷ ಧನ್ಯವಾದ. ಇಬ್ಬರದ್ದು ಬೇರೆ ಬೇರೆ ಧರ್ಮವಾದರೆ ಸಾಮಾನ್ಯವಾಗಿ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ಈ ಲೆಕ್ಕ ತಿಳಿಯದೆ ಹದಿನೈದು ದಿನದ ರಜೆ ಹಾಕಿ ವಿಮಾನ ಹತ್ತಿ ಬಂದವರು ಸರ್ಟಿಫಿಕೇಟ್ ಇಲ್ಲದೆ ವಾಪಸ್ ಹೋಗಬೇಕಾಗುತ್ತದೆ. ಕಲ್ಯಾಣ ಮಂಟಪದ ರಸೀದಿ, ದೇವಸ್ಥಾನದವರು ಕೊಟ್ಟ ಪತ್ರ ನೋಂದಣಿಗೆ ಆಧಾರವಾದೀತೇ ಹೊರತು ವೀಸಾಕ್ಕೆ ಬೇಕಾದ್ದು ಸರ್ಕಾರದ ವಿವಾಹ ನೋಂದಣಿ ಪತ್ರವೇ. ಮೊದಲೊಂದು ಮದುವೆಯಾಗಿ ಬಿಟ್ಟಿದ್ದರೆ ಆ ವಿಚ್ಛೇದನದ ಕೋರ್ಟ್ ಆದೇಶದ ಪ್ರತಿಯೂ ಜೊತೆಗಿರಬೇಕು.

ಇನ್ನು ಹೆಸರಿನ ವಿಷಯ. ನಮ್ಮ ಸೀಮೆಯ ಫೈಲುಗಳು ಎಡವುವುದೇ ಇಲ್ಲಿ. ಊರಿನ ಹೆಸರು ಒಂದು ಇನಿಷಿಯಲ್ಲು, ಅಪ್ಪನ ಹೆಸರು ಇನ್ನೊಂದು, ಉಪನಾಮ ಎನ್ನುವುದು ಇಲ್ಲವೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಆಮೇಲೆ ಗ್ರೀನ್ ಕಾರ್ಡು, ಸೋಷಿಯಲ್ ಸೆಕ್ಯುರಿಟಿ, ಡ್ರೈವಿಂಗ್ ಲೈಸೆನ್ಸು ಇವುಗಳಲ್ಲೂ ಅದೇ ತೊಡಕು ಅಂಟಿಕೊಳ್ಳಬಹುದು. ಸಂಗಾತಿಗಾಗಿ ಅಮೆರಿಕದ ಪ್ರಜೆ ಹಾಕುವ ಮೊದಲ ಅರ್ಜಿಯಾದ ಐ-130 ಹಾಕುವ ಮುಂಚೆಯೇ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಇನಿಷಿಯಲ್ ಬಿಡಿಸಿ ಪೂರ್ತಿ ಬರೆಸಿ, ಸಂಗಾತಿಯ ಹೆಸರನ್ನೂ ಈಗಿನ ವಿಳಾಸವನ್ನೂ ಅದೇ ಸಲ ಸೇರಿಸಿಬಿಡಿ. ಅಮ್ಮನ ಹೆಸರು ಜನನ ಪತ್ರದಲ್ಲಿ ಲಕ್ಷ್ಮಮ್ಮ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಲಕ್ಷ್ಮೀದೇವಮ್ಮ ಎಂದಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸಿ ಫೈಲಿಗೆ ಸೇರಿಸಿ. ಹುಟ್ಟಿ ವರ್ಷಗಳಾದ ಮೇಲೆ ತಡವಾಗಿ ನೋಂದಾಯಿಸಿದ ಜನನ ಪತ್ರವಾದರೆ ಅದೊಂದನ್ನೇ ನಂಬಿಕೊಳ್ಳಬೇಡಿ. ಶಾಲೆಯ ಟಿಸಿ, ಅಂಕಪಟ್ಟಿಯನ್ನೂ ಜೊತೆಗಿಡಿ. ಹಳೆಯ ದಾಖಲಾತಿ ರಿಜಿಸ್ಟರ್ ತೆಗೆಸಿ, ಪುಟ ಹುಡುಕಿ, ದೃಢೀಕರಿಸಿ ಕೊಟ್ಟ ಸರ್ಕಾರಿ ಶಾಲೆಯ ಹೆಡ್ ಮೇಡಂ ಅವರ ತಾಳ್ಮೆಗೆ ಕೈಮುಗಿಯುತ್ತೇವೆ.

ನಿವೃತ್ತ ಇಂಗ್ಲಿಷ್ ಮೇಷ್ಟ್ರನ್ನು ಎಷ್ಟು ನೆನೆದರೂ ಕಡಿಮೆಯೇ. ಕನ್ನಡದ ಪ್ರತಿಯೊಂದು ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು. ಅದಕ್ಕೆ ದೊಡ್ಡ ಏಜೆನ್ಸಿ ಬೇಕಿಲ್ಲ, ನೋಟರಿಯೂ ಕಡ್ಡಾಯವಲ್ಲ. ಎರಡೂ ಭಾಷೆ ಬಲ್ಲವರು ಮಾಡಿ, ಕೊನೆಯಲ್ಲಿ 'ನನಗೆ ಎರಡೂ ಭಾಷೆ ಬರುತ್ತದೆ, ಈ ಅನುವಾದ ಪೂರ್ಣವಾಗಿದೆ, ಸರಿಯಾಗಿದೆ' ಎಂದು ಬರೆದು ಹೆಸರು, ವಿಳಾಸ, ಸಹಿ, ತಾರೀಖು ಹಾಕಿದರೆ ಸಾಕು. 'ಪೂರ್ಣ' ಎಂದರೆ ಪೂರ್ಣವೇ. ಮೇಷ್ಟ್ರು ಭೂತಗನ್ನಡಿ ಹಿಡಿದು ನೇರಳೆ ಬಣ್ಣದ ದುಂಡು ಮೊಹರಿನ ಸುತ್ತ ಮಾಸಿಹೋದ ಅಕ್ಷರಗಳನ್ನೂ, ಅಂಚಿನಲ್ಲಿ ಪೆನ್ನಿನಲ್ಲಿ ಗೀಚಿದ ಕ್ರಮಸಂಖ್ಯೆಯನ್ನೂ, ಹಿಂಬದಿಯ ಸ್ಟಾಂಪ್ ವೆಂಡರ್ ಒಕ್ಕಣೆಯನ್ನೂ ಬಿಡದೆ ಇಂಗ್ಲಿಷಿಗೆ ತಂದರು. ಮೊಹರು, ಹಿಂಬದಿ ಬಿಟ್ಟ ಅನುವಾದ ಅಪೂರ್ಣ ಎಂದು ವಾಪಸ್ ಬರಬಹುದು, ಬಂದರೆ ತಿಂಗಳುಗಳು ಹೋಗುತ್ತವೆ. ತಾರೀಖನ್ನು ಅವರು ಅಂಕಿಯಲ್ಲಿ ಬರೆಯದೆ ತಿಂಗಳ ಹೆಸರನ್ನೇ ಬರೆದರು. ನಮ್ಮ 04-07 ಅಂದರೆ ಜುಲೈ 4, ಅಮೆರಿಕದವರಿಗೆ ಅದು ಏಪ್ರಿಲ್ 7. ಕಾಸು ಕೊಡಲು ಹೋದರೆ ಅವರು ಮುಟ್ಟಲಿಲ್ಲ.

ಐ-130ಕ್ಕೆ 2024ರ ಏಪ್ರಿಲ್ 1ರಿಂದ ಆನ್‌ಲೈನಿನಲ್ಲಾದರೆ 625 ಡಾಲರ್ ಶುಲ್ಕ, ಕಾಗದದಲ್ಲಾದರೆ 675. ಇಲ್ಲಿ ಕೂತು ಹಾಕುವವರಿಗೆ ಆನ್‌ಲೈನೇ ಸರಿ. ಅಲ್ಲಿಂದ ಹೆಚ್ಚಿನ ದಾಖಲೆ ಕೇಳಿದ ಪತ್ರ ಅಂಚೆಯಲ್ಲಿ ತುಮಕೂರಿಗೆ ಬರುವಷ್ಟರಲ್ಲಿ ಗಡುವಿನ ದಿನ ಕರಗಿರುತ್ತದೆ, ಖಾತೆಯಲ್ಲಾದರೆ ಅಂದೇ ಕಾಣುತ್ತದೆ. ಐ-130ಎ ಫಾರ್ಮ್ ಸಂಗಾತಿಯದ್ದು. ಅವರು ಅಮೆರಿಕದ ಹೊರಗಿದ್ದರೆ ಅದಕ್ಕೆ ಸಹಿ ಬೇಕಿಲ್ಲ, ತುಂಬುವುದು ಮಾತ್ರ ತಪ್ಪದು. ಮದುವೆ ನಿಜ ಎನ್ನುವುದಕ್ಕೆ ಧಾರೆಯ ನಾಲ್ಕು ಫೋಟೋ ಸಾಲದು. ಜಂಟಿ ಬ್ಯಾಂಕ್ ಖಾತೆ, ಎಲ್‌ಐಸಿ ಪಾಲಿಸಿಯ ನಾಮಿನಿ, ಲಗ್ನಪತ್ರಿಕೆ, ಬೇರೆ ಬೇರೆ ವರ್ಷದ ಹಬ್ಬದಲ್ಲಿ ಎರಡೂ ಕಡೆಯವರ ಜೊತೆಗಿರುವ ಚಿತ್ರ ಇರಲಿ. ಒಂದೇ ಮನೆಯಲ್ಲಿ ವಾಸವಿರುವುದಕ್ಕಿಂತ ಬಲವಾದ ಸಾಕ್ಷಿ ಬೇರೆ ಇಲ್ಲ.

ಈಗ ಅಮೆರಿಕದಲ್ಲಿ ನೆಲೆಸಿರುವ ನಮ್ಮ ದೊಡ್ಡಪ್ಪನ ಮಗ ಅಣ್ಣನಿಗೆ ಮತ್ತು ಅತ್ತಿಗೆಗೆ ನಮಸ್ಕಾರ. ಅವರು ಹೊತ್ತುಕೊಂಡ ಭಾರ ಏನೆಂದು ಊರಿನವರಿಗೆಲ್ಲ ತಿಳಿಯಬೇಕು. ಅರ್ಜಿ ಹಾಕಿದ ಅಮೆರಿಕದ ಪ್ರಜೆ ಐ-864 ಎಂಬ ಪೋಷಣೆಯ ಮುಚ್ಚಳಿಕೆ ಕೊಡಬೇಕು. ಅಮೆರಿಕದ ಬಡತನ ರೇಖೆಯ ಶೇ 125ರಷ್ಟು ವರಮಾನ ತೋರಿಸಬೇಕು. ಅಲಾಸ್ಕಾ, ಹವಾಯಿ ಬಿಟ್ಟು ಉಳಿದೆಡೆ 2025ರ ಪಟ್ಟಿಯ ಪ್ರಕಾರ ಇಬ್ಬರ ಕುಟುಂಬಕ್ಕೆ ವರ್ಷಕ್ಕೆ 26,437 ಡಾಲರ್ ಇತ್ತು. ಇಲ್ಲಿ ಬಂದು ನೆಲೆಸಿದವರಿಗೆ ಪೇಚಾಟ ಶುರುವಾಗುವುದೇ ಇಲ್ಲಿ. ಭಾರತದ ಸಂಬಳ ಎಷ್ಟೇ ಇರಲಿ, ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಮುಂದುವರಿಯುವುದಾದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಲ್ಲಿನ ಕಂಪನಿಗೆ ಇಲ್ಲಿಂದ ಕೆಲಸ ಮಾಡುತ್ತಿದ್ದರೆ, ವಾಪಸ್ ಹೋದ ಮೇಲೂ ಕೆಲಸ ಇರುತ್ತದೆ ಎಂದು ಅವರಿಂದ ಪತ್ರ ಬರೆಸಿ. ಆಸ್ತಿ ತೋರಿಸುವುದಾದರೆ ಪ್ರಜೆಯ ಗಂಡ ಹೆಂಡತಿಯ ವಿಷಯದಲ್ಲಿ ಕೊರತೆಯ ಮೂರು ಪಟ್ಟು ಇರಬೇಕು, ಒಂದು ವರ್ಷದೊಳಗೆ ನಗದಾಗುವಂತಿರಬೇಕು. ನಗರದ ಸೈಟು, ಮನೆಗೆ ಖಾತಾ, ಇಸಿ, ಮೌಲ್ಯಮಾಪಕರ ವರದಿ ಇಡಬಹುದು. ಪಾಲಾಗದ ಪಿತ್ರಾರ್ಜಿತ ಜಮೀನು ಈ ಲೆಕ್ಕಕ್ಕೆ ಒದಗುವುದು ಕಷ್ಟ.

ಇದ್ಯಾವುದೂ ಸಾಲದಾಗ ಜಾಯಿಂಟ್ ಸ್ಪಾನ್ಸರ್, ಅಂದರೆ ಜೊತೆಗೆ ಹೊಣೆ ಹೊರುವವರು ಬೇಕು. ಅಲ್ಲಿ ನೆಲೆಸಿರುವ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಆಗಬೇಕು. ಗಂಡ, ಹೆಂಡತಿ, ಎರಡು ಮಕ್ಕಳ ಮನೆಯವರು ಸಹಿ ಹಾಕಿದರೆ ಹೋಗುವವರೂ ಸೇರಿ ಐದು ಜನದ ಲೆಕ್ಕ, ಅದೇ ಪಟ್ಟಿಯಲ್ಲಿ 47,062 ಡಾಲರ್ ಇತ್ತು. ಗಂಡ ಹೆಂಡತಿ ಜಂಟಿಯಾಗಿ ತೆರಿಗೆ ಕಟ್ಟಿ ಒಬ್ಬರು ಮಾತ್ರ ಸಹಿ ಹಾಕುವುದಾದರೆ ಅವರ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ) ಬೇರೆಯಾಗಿ ಲಗತ್ತಿಸಬೇಕು, ಇಲ್ಲದಿದ್ದರೆ ಯಾರ ವರಮಾನ ಎಷ್ಟು ಎಂದು ಗೊತ್ತಾಗದೆ ಫೈಲ್ ನಿಲ್ಲುತ್ತದೆ. ಜಾಯಿಂಟ್ ಸ್ಪಾನ್ಸರ್ ಇದ್ದರೂ ಅರ್ಜಿ ಹಾಕಿದವರ ಐ-864 ಬೇಕೇ ಬೇಕು, ವರಮಾನ ಸೊನ್ನೆಯಾದರೂ ಸರಿ. ಆ ಸಹಿಯ ಹೊಣೆ, ಹೋದವರು ಪ್ರಜೆಯಾಗುವವರೆಗೆ ಅಥವಾ 40 ತ್ರೈಮಾಸಿಕಗಳ ದುಡಿಮೆ, ಅಂದರೆ ಸುಮಾರು ಹತ್ತು ವರ್ಷದ್ದು, ಅವರ ಲೆಕ್ಕಕ್ಕೆ ಸೇರುವವರೆಗೆ ಇರುತ್ತದೆ. ಅವರು ದೇಶ ಬಿಟ್ಟು ಕಾಯಂ ಹೊರಟರೆ ಅಥವಾ ತೀರಿಕೊಂಡರೆ ಮುಂಚೆ ಮುಗಿಯುತ್ತದೆ, ವಿಚ್ಛೇದನವಾದರೂ ಮುಗಿಯುವುದಿಲ್ಲ. ಇದನ್ನೆಲ್ಲ ಓದಿ, ತಿಳಿದು, ಅಣ್ಣ ಅತ್ತಿಗೆ ಒಪ್ಪಿದರು. ನೆಂಟರನ್ನು ಕೇಳುವವರು 'ಬರೀ ಒಂದು ಸಹಿ' ಎಂದು ದಯವಿಟ್ಟು ಹೇಳಬೇಡಿ. ಹೊಣೆ ಎಷ್ಟು ಎಂದು ಮೊದಲೇ ಹೇಳಿ ಕೇಳಿ.

ಆಡಿಟರ್ ಅವರಿಗೂ ಧನ್ಯವಾದ. ಅಮೆರಿಕದ ಪ್ರಜೆ ಎಲ್ಲಿದ್ದರೂ ಅಲ್ಲಿನ ತೆರಿಗೆ ರಿಟರ್ನ್ ಸಲ್ಲಿಸುವ ಹೊಣೆ ತಪ್ಪುವುದಿಲ್ಲ. ಹೊರದೇಶದ ಖಾತೆಗಳಲ್ಲಿ ಒಟ್ಟು ಮೊತ್ತ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಆ ಖಾತೆಗಳ ವಿವರ ಸಲ್ಲಿಸುವ ಎಫ್‌ಬಿಎಆರ್ ಬೇರೆ. ಅಮೆರಿಕದ ಬ್ಯಾಂಕ್ ಖಾತೆಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಐ-130 ಒಪ್ಪಿಗೆಯಾಗಿ ಫೈಲ್, ಸಂದರ್ಶನಕ್ಕೆ ಮುಂಚೆ ಕಾಗದಪತ್ರ ಸಂಗ್ರಹಿಸುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರಿಗೆ ಹೋದಾಗ 325 ಮತ್ತು 120 ಡಾಲರ್ ಶುಲ್ಕ ಕಟ್ಟಬೇಕು, ಆನ್‌ಲೈನಿನಲ್ಲಿ ಅದನ್ನು ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು. ಆ ಸೆಂಟರಿನವರೊಂದಿಗೆ ಒಂದು ವರ್ಷ ಸಂಪರ್ಕವೇ ಇಲ್ಲದಿದ್ದರೆ ಫೈಲ್ ರದ್ದಾಗಬಹುದು. ಪ್ರಜೆಯಾದವರು ವಾಪಸ್ ಹೋಗಿ ಅಲ್ಲೇ ನೆಲೆಸುತ್ತಾರೆ ಎನ್ನುವುದಕ್ಕೂ ಪುರಾವೆ ಕೇಳುತ್ತಾರೆ. ಅಲ್ಲಿನ ಮತದಾರರ ನೋಂದಣಿ, ಚಾಲ್ತಿಯಲ್ಲಿರುವ ಲೈಸೆನ್ಸು, ಕೆಲಸದ ಆಫರ್, ಉಳಿಯಲು ಮನೆ ಕೊಡುವವರ ಪತ್ರ, ಇಂಥವು ಆಗುತ್ತವೆ.

ಪೊಲೀಸ್ ಕ್ಲಿಯರೆನ್ಸಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. 2022ರ ಸೆಪ್ಟೆಂಬರ್ 28ರಿಂದ ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ಅರ್ಜಿ ತೆಗೆದುಕೊಳ್ಳುತ್ತಾರೆ, ಶುಲ್ಕ 500 ರೂಪಾಯಿ. ಕೆಡುವುದು ವಿಳಾಸದಲ್ಲಿ. ಪಾಸ್‌ಪೋರ್ಟಿನಲ್ಲಿ ತವರಿನ ವಿಳಾಸ, ವಾಸ ಇನ್ನೊಂದು ಕಡೆ ಎಂದಾದರೆ 'ಈ ವಿಳಾಸದಲ್ಲಿ ಇಲ್ಲ' ಎಂದು ವರದಿ ಹೋಗಿಬಿಡುತ್ತದೆ. ಈಗಿನ ವಾಸದ ವಿಳಾಸವನ್ನೇ ಕೊಡಿ. ಗಲ್ಫ್‌ನಂಥ ಬೇರೆ ದೇಶದಲ್ಲಿ ವರ್ಷದ ಮೇಲಿದ್ದವರಿಗೆ ಅಲ್ಲಿನ ಪೊಲೀಸ್ ಪತ್ರವೂ ಬೇಕು. ಕೌಂಟರಿನ ಅಂಚೆ ಸಿಬ್ಬಂದಿ ಸಾಲು ಉದ್ದವಿದ್ದರೂ ಪ್ರತಿಯೊಬ್ಬರ ಕಾಗುಣಿತ ಓದಿ ಹೇಳಿ ಒಪ್ಪಿಸಿಕೊಳ್ಳುತ್ತಾರೆ. ಅದು ದೊಡ್ಡ ಉಪಕಾರ.

ಮೆಡಿಕಲ್ ತಪಾಸಣೆ ಅಮೆರಿಕದವರು ಗೊತ್ತುಮಾಡಿದ ವೈದ್ಯರಲ್ಲೇ ಆಗಬೇಕು. ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಹಳೆಯ ಗುರುತು ಕಂಡರೂ ಮೂರು ಸಲ ಕಫ ತೆಗೆದು ಕಲ್ಚರ್‌ಗೆ ಇಡುತ್ತಾರೆ, ಎಂಟು ವಾರ ಹಿಡಿಯುತ್ತದೆ. ಮುಂಚೆ ಚಿಕಿತ್ಸೆ ಪಡೆದವರು ಆ ದಾಖಲೆ, ಹಳೆಯ ಎಕ್ಸ್‌ರೇ ಒಯ್ಯಿರಿ. ವೀಸಾದ ಅವಧಿ ಈ ತಪಾಸಣೆಯ ತಾರೀಖಿಗೆ ಜೋಡಣೆಯಾಗಿ ಹೆಚ್ಚೆಂದರೆ ಆರು ತಿಂಗಳಿರುತ್ತದೆ, ಹಾಗಾಗಿ ಸಂದರ್ಶನದ ದಿನ ಗೊತ್ತಾಗುವ ಮುಂಚೆ ಮಾಡಿಸಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಲಸಿಕೆ ರಿಜಿಸ್ಟರಿನಿಂದ ಒಂದೊಂದೇ ತಾರೀಖು ತೆಗೆದು ಬರೆದುಕೊಟ್ಟ ಪಟ್ಟಿಯಿಂದ ಎಷ್ಟೋ ಚುಚ್ಚುಮದ್ದು ಉಳಿಯಿತು.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದರೂ ಈ ವೀಸಾದ ಸಂದರ್ಶನಕ್ಕೆ ಮುಂಬೈಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೇ ಹೋಗಬೇಕು. ಅಪ್‌ಲೋಡ್ ಮಾಡಿದ ಪ್ರತಿಯೊಂದರ ಮೂಲಪ್ರತಿಯೂ ಕೈಯಲ್ಲಿರಲಿ. ಫೋಟೋ 2 ಇಂಚು ಚೌಕ, ಕನ್ನಡಕ ತೆಗೆದು ತೆಗೆಸಿದ್ದು. ಏನಾದರೂ ಕಡಿಮೆಯಿದ್ದರೆ 221(ಜಿ) ಚೀಟಿ ಕೊಡುತ್ತಾರೆ, ಅದು ಮುಗಿದೇಹೋಯಿತು ಎಂದಲ್ಲ. ಕೇಳಿದ್ದನ್ನು ಕೊಟ್ಟರೆ ಫೈಲ್ ಮುಂದೆ ಸಾಗುತ್ತದೆ.

ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ ಅಲ್ಲಿ ಕಾಲಿಟ್ಟವರಿಗೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಹಿಂದಿನ 90 ದಿನದಲ್ಲಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು, ಆಗಲೂ ಒಟ್ಟಿಗಿದ್ದ ಪುರಾವೆಯನ್ನೇ ಕೇಳುತ್ತಾರೆ. ತುಮಕೂರಿನ ಬಾಡಿಗೆ ಕರಾರು, ಪಾಸ್‌ಬುಕ್ಕು ಎಸೆಯಬೇಡಿ. ಗ್ರೀನ್ ಕಾರ್ಡ್ ಅಚ್ಚಾಗಿ ಬರಲು 235 ಡಾಲರ್ ವಲಸೆ ಶುಲ್ಕ ಬೇರೆ ಕಟ್ಟಬೇಕು. ಕಾರ್ಡು ಕೈಗೆ ಬರುವ ತನಕ ವೀಸಾದ ಮೇಲೆ ಒತ್ತಿದ ಪ್ರವೇಶ ಮುದ್ರೆಯೇ ಒಂದು ವರ್ಷ ಅದರ ಜಾಗದಲ್ಲಿ ನಡೆಯುತ್ತದೆ.

ಅನುವಾದದ ಕೊನೆಗೆ ಬರೆಯುವ ಒಕ್ಕಣೆಯ ಮಾದರಿ, ಬಾಡಿಗೆ ಕರಾರಿನ ನಮೂನೆ ಬೇಕಾದವರು ಕೇಳಿ, ಕಳಿಸುತ್ತೇವೆ. ಮೇಷ್ಟ್ರು ಇನ್ನೂ ಕೆಲವರಿಗೆ ಮಾಡಿಕೊಡಲು ಒಪ್ಪಿದ್ದಾರೆ. ಅವರಲ್ಲಿಗೆ ಹೋಗುವವರು ಎರಡೂ ಬದಿಯ ಕಲರ್ ಜೆರಾಕ್ಸ್ ಒಯ್ಯಿರಿ, ಕಪ್ಪುಬಿಳುಪಿನ ಪ್ರತಿಯಲ್ಲಿ ಮೊಹರು ಓದಲಾಗುವುದಿಲ್ಲ.