ಸಿಂಗಪುರದಲ್ಲಿರುವ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ, ಕೆಲಸದ ವಿಷಯವೆಲ್ಲ ನಿಮ್ಮಮ್ಮ ಹೇಳಿದ್ದಾಳೆ, ಅದಿರಲಿ. ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, "ಹಬ್ಬದ ಹಿಂದಿನ ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ನಾನೊಬ್ಬಳೇ ಹೊರಗಿನವಳ ಥರ ಇರ್ತೀನಿ" ಅಂತ. ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಈ ಸಲ ನಿನ್ನ ಗಂಡನ ಮನೆಯವರ ಚೀನೀ ಹೊಸ ವರ್ಷ ಫೆಬ್ರವರಿ 17ಕ್ಕೆ. ಅಂದರೆ 15ಕ್ಕೆ ನಮ್ಮ ಶಿವರಾತ್ರಿ, ಮರುದಿನ ರಾತ್ರಿಯೇ ಅವರ ದೊಡ್ಡ ಊಟ. ಉಪವಾಸ ಮಾಡ್ತೀನಿ ಅಂತ ಸುಮ್ನೆ ಸುಸ್ತಾಗಬೇಡ.

ಸಸ್ಯಾಹಾರಿಯಾಗಿ ಆ ಊಟಕ್ಕೆ ಕೂರುವ ನಿನ್ನ ಭಯ ನನಗೆ ಹೊಸದಲ್ಲ. ದೊಡ್ಡಪ್ಪ ಅಲ್ಲಿ ಶಿಪ್‌ಯಾರ್ಡಿನಲ್ಲಿದ್ದಾಗ ತೋವಾ ಪಾಯೊ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರೂ ಹೊಕ್ಕಿಯನ್ ಮಾತಾಡುವ ಚೀನೀ ಜನ, ನಿನ್ನ ಗಂಡನ ಮನೆಯವರ ಹಾಗೇ. ಹಬ್ಬಕ್ಕೆ ಮೊದಲು ಆ ಮನೆಯ ಅಜ್ಜಿ ಮನೆಯನ್ನೆಲ್ಲ ಉಜ್ಜಿ ತೊಳೆಯುತ್ತಿದ್ದರು. ಹಬ್ಬದ ದಿನ ಮಾತ್ರ ಪೊರಕೆ ಮುಟ್ಟುವ ಹಾಗಿಲ್ಲ, ಬಂದ ಅದೃಷ್ಟವೂ ಕಸದ ಜೊತೆ ಹೋಗುತ್ತದಂತೆ. ದೀಪ ಹಚ್ಚಿದ ಮೇಲೆ ಗುಡಿಸಿದರೆ ನಿಮ್ಮಜ್ಜಿ ಬೈಯುತ್ತಿದ್ದದ್ದೂ ಇದಕ್ಕೇ ಅಲ್ವಾ? ಪಕ್ಕದ ಮನೆಯವರು ಪ್ರತಿ ವರ್ಷ ಊಟಕ್ಕೆ ಕರೆಯುತ್ತಿದ್ದರು. ನಾನು ಏನೋ ಒಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮೀನು, ಹಂದಿಮಾಂಸ ಅಂತಲ್ಲ. ನನ್ನ ಒಬ್ಬಳಿಗೋಸ್ಕರ ಅವರೆಲ್ಲ ಮುಜುಗರಪಡಬೇಕಲ್ಲ ಅಂತ.

ಒಂದು ವರ್ಷ ಹಬ್ಬದ ಬೆಳಿಗ್ಗೆ ಅಜ್ಜಿಯೇ ಬಟ್ಟಲು ಹಿಡಿದು ಬಂದರು. ಕಪ್ಪು ಅಣಬೆ, ತೋಫು, ಗಿಂಕೋ ಬೀಜ, ಹೆಸರುಕಾಳಿನ ಸಣ್ಣ ಶಾವಿಗೆ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ಬೌದ್ಧರಲ್ಲಿ ಎಷ್ಟೋ ಜನ ವರ್ಷದ ಮೊದಲ ದಿನ ಮಾಂಸ ಮುಟ್ಟುವುದಿಲ್ಲ, ಅದು ಆ ದಿನದ ಅಡುಗೆ. ನಾನು ಬಾಗಿಲಲ್ಲೇ ಇಸಿದುಕೊಂಡು ಥ್ಯಾಂಕ್ಸ್ ಹೇಳಿ ಕಳಿಸಿಬಿಟ್ಟೆ. ಅವರ ಜೊತೆ ಹೋಗಿ ಕೂತು ತಿನ್ನಬಹುದಿತ್ತು. ಆಮೇಲೆ ನಾವು ಮೈಸೂರಿಗೆ ಬಂದೆವು, ಅಜ್ಜಿಯೂ ಹೋದರು. ಈಗಲೂ ಕೊರೆಯುತ್ತದೆ.

ನಿನ್ನ ಅತ್ತೆ ಮೊದಲ ದಿನ ಸಸ್ಯಾಹಾರ ಮಾಡುತ್ತಾರಾ, ಗಂಡನನ್ನು ಕೇಳು. ಮಾಡುವುದಾದರೆ ಒಂದು ದಿನ ಮೊದಲೇ ನಿನಗೂ ಸ್ವಲ್ಪ ಮಾಡಿಡಿ ಅಂದರೆ ಅವರಿಗೆ ಹೊರೆಯೇನಲ್ಲ. ಊಟಕ್ಕೆ ಸ್ಟೀಮ್‌ಬೋಟ್, ಅಂದರೆ ಮೇಜಿನ ಮೇಲೆ ಕುದಿಯುವ ಸಾರಿನ ಪಾತ್ರೆ, ಇಡುತ್ತಾರೆ ಅಂತ ಬರೆದಿದ್ದೀಯ. ಒಂದೇ ಸಾರಿನಲ್ಲಿ ಎಲ್ಲರೂ ಅದ್ದಿದರೆ ನಿನಗೆ ಕಷ್ಟವೇ. ನಡುವೆ ತಡೆ ಇರುವ ಪಾತ್ರೆ ಸಿಗುತ್ತದೆ, ಒಂದು ಕಡೆ ನಿನ್ನ ತರಕಾರಿ ಸಾರು. ನೀನೇ ಕೊಂಡು ಒಯ್ದರೆ ತಪ್ಪು ತಿಳಿಯುತ್ತಾರೋ ಏನೋ, ಗಂಡನ ಕೈಯಲ್ಲಿ ಕಳಿಸು. ಇದರಲ್ಲಿ ನನ್ನದೇನೂ ದೊಡ್ಡ ಅನುಭವವಲ್ಲ.

ಮತ್ತೆ ಆ ಊಟದ ವಿಷಯಕ್ಕೇ ಬರ್ತೀನಿ. ಹೊರಗಿನವಳು ಅಂತ ಅನಿಸುವುದು ತಟ್ಟೆಯಿಂದ ಅಲ್ಲ, ಸುಮ್ಮನೆ ಮೂಲೆ ಹಿಡಿದು ಕೂತರೆ. ಯೂಶೆಂಗ್ ತರುತ್ತಾರಲ್ಲ, ಹಸಿ ಮೀನು, ತುರಿದ ತರಕಾರಿಯ ದೊಡ್ಡ ತಟ್ಟೆ. ಎಲ್ಲರೂ ಎದ್ದು ನಿಂತು ಚಾಪ್‌ಸ್ಟಿಕ್‌ನಲ್ಲಿ ಮೇಲಕ್ಕೆ ಎತ್ತಿ ಹಾರಿಸುತ್ತಾರೆ, ಕೂಗುತ್ತಾರೆ, ಮೇಜೆಲ್ಲ ಚೆಲ್ಲಾಪಿಲ್ಲಿ. ತಿನ್ನದಿದ್ದರೂ ಎತ್ತಿ ಹಾರಿಸೋಕೆ ಏನಡ್ಡಿ? ಅದೇನು ಭಾರೀ ಹಳೆಯ ಶಾಸ್ತ್ರವೂ ಅಲ್ಲ. ಈಗಿನ ರೂಪವನ್ನು 1964ರ ಹೊತ್ತಿಗೆ ಸಿಂಗಪುರದ ನಾಲ್ವರು ಬಾಣಸಿಗರು ಜನಪ್ರಿಯ ಮಾಡಿದ್ದು. ಮಲೇಷ್ಯಾದವರು ನಮ್ಮದು ಅನ್ನುತ್ತಾರೆ, ಆ ಜಗಳ ಬೇರೆ.

ಹಿರಿಯರಿಗೆ ಎರಡು ಮ್ಯಾಂಡರಿನ್ ಕಿತ್ತಳೆ, ಎರಡೂ ಕೈಯಲ್ಲಿ ಕೊಡು. ಮದುವೆಯಾದವಳು ನೀನು, ಮಕ್ಕಳಿಗೆ ಆಂಗ್‌ಬಾವ್, ಅಂದರೆ ಕೆಂಪು ಲಕೋಟೆಯಲ್ಲಿ ಹಣ, ಕೊಡಬೇಕಾಗಬಹುದು. ಹಣ ಸಮಸಂಖ್ಯೆಯಲ್ಲಿರಲಿ, ನಾಲ್ಕು ಮಾತ್ರ ಬೇಡ. ಬಿಳಿ, ಕಪ್ಪು ಉಡಬೇಡ. ಇವೆಲ್ಲ ನಿನಗೆ ಗೊತ್ತಿರುತ್ತದೆ, ಆದರೂ ಬರೆದೆ.

ಎರಡನೇ ದಿನ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಅವತ್ತು ನೀನೂ ವಿಡಿಯೋ ಕಾಲ್ ಮಾಡು, ಗಂಡನನ್ನೂ ಪಕ್ಕದಲ್ಲಿ ಕೂರಿಸಿಕೊ. ಅಲ್ಲಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ, ಬೆಳಿಗ್ಗೆ ಬೇಗ ಮಾಡಿದರೆ ನಿಮ್ಮಮ್ಮ ಎದ್ದಿರುವುದಿಲ್ಲ. ಅಲ್ಲಿಯ ಹನ್ನೆರಡರ ಮೇಲೆ ಮಾಡು. ನಾನೂ ಅವಳ ಮನೆಗೆ ಹೋಗಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ