ಆ ನೇರಳೆ ಹೂವಿನ ಗಿಡ ಕೀಳಬೇಡಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ನಮ್ಮಂಥ ಎಷ್ಟೋ ಅಪ್ಪ ಅಮ್ಮಂದಿರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುತ್ತಾರೆ. ಅಲ್ಲಿ ಹೋಗಿ ಸುಮ್ನೆ ಕೂರುವುದು ನಮಗೆ ಬರುವುದಿಲ್ಲ, ಹಿತ್ತಲಿಗೆ ಇಳಿದು ಏನಾದರೂ ಕೆಲಸ ಹಚ್ಚಿಕೊಳ್ಳುತ್ತೇವೆ. ಅಂಥವರಿಗಾಗಿ ಈ ಪತ್ರ.

ಹೋದ ವರ್ಷ ನ್ಯೂಜೆರ್ಸಿಯಲ್ಲಿ ಮಗಳ ಮನೆಯ ಹಿತ್ತಲಿನಲ್ಲಿ, ಮೇಪಲ್ ಮರದ ಕೆಳಗೆ, ತೇವ ಇರುವ ಕಡೆ ಹೃದಯದ ಆಕಾರದ ಎಲೆಗಳು ದಟ್ಟವಾಗಿ ಎದ್ದಿದ್ದವು. ಒಂದೆಲಗ ಇರಬೇಕು ಎಂದು ಖುಷಿಪಟ್ಟೆ. ಹತ್ತಿರ ಹೋದರೆ ಎಲೆಗಳ ನಡುವೆ ಐದು ಎಸಳಿನ ನೇರಳೆ ಹೂವುಗಳು, ಒಳಗೆ ಬಿಳಿ, ಪಕ್ಕದ ಎಸಳುಗಳ ಬುಡದಲ್ಲಿ ಸಣ್ಣ ಬಿಳಿ ಕೂದಲು. ಅಳಿಯಂದಿರು "ಅದು ಕಳೆ ಅತ್ತೆ, ಔಷಧಿ ಹೊಡೆದರೂ ಹೋಗ್ತಿಲ್ಲ" ಎಂದರು. ಎರಡು ದಿನ ಕೂತು ಎರಡು ಬಕೆಟ್ ಕಿತ್ತೆ. ಕಾಂಡವೇ ಇಲ್ಲ, ಎಲೆ ಹೂವು ಎಲ್ಲ ನೆಲದೊಳಗಿನ ಗೆಡ್ಡೆಯಿಂದ ನೇರವಾಗಿ ಬರುತ್ತವೆ, ಆ ಗೆಡ್ಡೆಯೋ ಶುಂಠಿ ತುಂಡಿನ ಹಾಗೆ ಗಟ್ಟಿ. ಶಾಲೆಯಿಂದ ಬಂದ ಮೊಮ್ಮಗಳು ಬಕೆಟ್ ನೋಡಿದವಳೇ "ಅಜ್ಜೀ, ಇದು ನಮ್ಮ ಸ್ಟೇಟ್ ಫ್ಲವರ್!" ಎಂದು ಅತ್ತೇಬಿಟ್ಟಳು.

ಅವಳು ಹೇಳಿದ್ದು ನಿಜ. ಕಾಮನ್ ಬ್ಲೂ ವಯೊಲೆಟ್ ಎನ್ನುವ ಈ ಗಿಡವನ್ನು ನ್ಯೂಜೆರ್ಸಿ 1913ರಲ್ಲೇ ರಾಜ್ಯದ ಹೂವೆಂದು ಆರಿಸಿಕೊಂಡಿತ್ತು, 1971ರಲ್ಲಿ ಅದಕ್ಕೆ ಕಾನೂನೂ ಆಯಿತು. ಇಲಿನಾಯ್, ವಿಸ್ಕಾನ್ಸಿನ್, ರೋಡ್ ಐಲೆಂಡ್‌ಗಳಿಗೂ ಇದೇ ಹೂವು. ಇಲಿನಾಯ್‌ನಲ್ಲಂತೂ ಶಾಲೆಯ ಮಕ್ಕಳು ಮತ ಹಾಕಿ ಆರಿಸಿದ್ದು, 1908ರಲ್ಲಿ ಕಾನೂನಾಯಿತು. ಮೇಷ್ಟ್ರ ಕೆಲಸ ಮಾಡಿದವಳಾದ್ದರಿಂದ ನನಗೆ ಇದು ಬಹಳ ಇಷ್ಟವಾಯಿತು.

ಆಮೇಲೆ ತಿಳಿದದ್ದು ಇನ್ನೂ ಇದೆ. ಇದು ಪೂರ್ವ ಅಮೆರಿಕದ ತೇವದ ಕಾಡು, ಹೊಳೆ ದಂಡೆ, ಹುಲ್ಲುಗಾವಲುಗಳ ಗಿಡ. ಮರಗಳು ಪೂರ್ತಿ ಚಿಗುರಿ ನೆರಳು ಮುಚ್ಚುವ ಮೊದಲೇ, ನೆಲಕ್ಕೆ ಬಿಸಿಲು ಬೀಳುವ ಆ ಕೆಲವೇ ವಾರಗಳಲ್ಲಿ ಹೂ ಬಿಡುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹತ್ತಿರ ಇನ್ನೊಂದು ಬಗೆಯ ಹೂವು ಬಿಡುತ್ತದೆ, ಅದು ಅರಳುವುದೇ ಇಲ್ಲ, ಮುಚ್ಚಿಕೊಂಡೇ ಬೀಜ ಕಟ್ಟುತ್ತದೆ. ಕಾಯಿ ಮೂರಾಗಿ ಒಡೆದು ಬೀಜ ಸಿಡಿಯುತ್ತದೆ, ಬೀಜಕ್ಕೆ ಅಂಟಿದ ಎಣ್ಣೆಯಂಶದ ತುಣುಕಿನ ಆಸೆಗೆ ಇರುವೆಗಳು ಹೊತ್ತು ಗೂಡಿಗೆ ಒಯ್ಯುತ್ತವೆ. ನಮ್ಮ ಹಿತ್ತಲಿಗೆ ಬಂದದ್ದೂ ಹೀಗೇ ಇರಬೇಕು. ಅದು ಕಳೆ, ಹಿತ್ತಲಿನ ಹುಲ್ಲುಹಾಸು ಸಾಚಾ ಎನ್ನುತ್ತೇವಲ್ಲ, ಆ ಹಾಸಿಗೆ ಬೆಳೆಸುವ ಕೆಂಟಕಿ ಬ್ಲೂಗ್ರಾಸ್ ಎಂಬ ಹುಲ್ಲು ಯುರೋಪಿನಿಂದ ಬಂದದ್ದು!

ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಚಿಟ್ಟೆಯ ವಿಷಯ. ಗ್ರೇಟ್ ಸ್ಪ್ಯಾಂಗಲ್ಡ್ ಫ್ರಿಟಿಲರಿ ಎಂಬ ಕಿತ್ತಳೆ ಬಣ್ಣದ, ರೆಕ್ಕೆಯಡಿ ಬೆಳ್ಳಿ ಚುಕ್ಕೆಗಳಿರುವ ದೊಡ್ಡ ಚಿಟ್ಟೆಯ ಮರಿಹುಳು ವಯೊಲೆಟ್ ಜಾತಿಯ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಬೇಸಿಗೆ ಮುಗಿಯುವಾಗ ತಾಯಿ ಈ ಗಿಡಗಳ ಅಕ್ಕಪಕ್ಕ ಮೊಟ್ಟೆ ಇಡುತ್ತದೆ, ಮರಿ ಹೊರಬಂದು ಎಲೆ ಮುಟ್ಟದೆ ತರಗೆಲೆಗಳ ಅಡಿಯಲ್ಲೇ ಇಡೀ ಚಳಿಗಾಲ ಕಳೆದು, ವಸಂತದಲ್ಲಿ ಎದ್ದು ಎಳೆ ಎಲೆ ಹುಡುಕುತ್ತದೆ. ಅದು ಹುಡುಕುವ ಹೊತ್ತಿಗೆ ನಾನು ಎರಡು ಬಕೆಟ್ ಕಿತ್ತು ಕೂತಿದ್ದೆ.

ಹಾಗಾಗಿ ಕೇಳಿಕೊಳ್ಳುತ್ತೇನೆ, ಮರದ ಕೆಳಗಿನ ಒಂದು ಮೂಲೆಯನ್ನಾದರೂ ಈ ಗಿಡಕ್ಕೆ ಬಿಡಿ. ಅಲ್ಲಿ ಔಷಧಿ ಬೇಡ, ಶರತ್ಕಾಲದಲ್ಲಿ ತರಗೆಲೆ ಗುಡಿಸುವುದೂ ಬೇಡ. ಎಲೆ, ಹೂವು ತಿನ್ನಬಹುದು, ಆದರೆ ಗೊತ್ತಿಲ್ಲದೆ ತಂಬುಳಿಗೆ ಕೊಯ್ಯಬೇಡಿ. ಅದೇ ಜಾಗದಲ್ಲಿ ಲೆಸ್ಸರ್ ಸೆಲಂಡೈನ್ ಎಂಬ ಹಳದಿ ಹೂವಿನ ವಿಷದ ಗಿಡವೂ ಬೆಳೆಯುತ್ತದೆ, ಅದರ ಎಲೆಯೂ ಹೃದಯದ ಆಕಾರದ್ದೇ.

ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಕಾಣುವ, ಒಂದೇ ದೊಡ್ಡ ಎಸಳಿನ ಪುರುಷರತ್ನ ಇದೇ ಕುಟುಂಬದ ಗಿಡ. ಅದನ್ನೂ ನಾವು ಕಳೆ ಎಂದೇ ಕೀಳುತ್ತೇವೆ, ಅಲ್ವಾ?

ಈ ತಿಂಗಳ ಕೊನೆಗೆ ಮತ್ತೆ ಹೊರಟಿದ್ದೇನೆ. ಮೇಪಲ್ ಮರದ ಕೆಳಗೆ ಹುಲ್ಲು ಕತ್ತರಿಸುವ ಮಷಿನ್ ಆಡಿಸಬೇಡಿ ಎಂದು ಅಳಿಯಂದಿರಿಗೆ ಈಗಲೇ ಹೇಳಿಟ್ಟಿದ್ದೇನೆ. ಉಳಿದ ಗೆಡ್ಡೆಗಳಿಂದ ಎಲೆ ಬರುತ್ತಿದೆ ಎಂದು ಮೊಮ್ಮಗಳು ಮೊನ್ನೆ ಫೋಟೋ ಕಳಿಸಿದ್ದಾಳೆ.

ಇಂತಿ,
ನಿವೃತ್ತ ಶಿಕ್ಷಕಿ, ಸಾಗರ