ಶಾಲೆಯ ಗೇಟಿನ ಮುಂದಿನ ಐದು ರೂಪಾಯಿ ಪೊಟ್ಟಣ

ಮಾನ್ಯ ಸಂಪಾದಕರೇ,

ಬೊಜ್ಜಿನ ಮಾತು ಬಂದಾಗಲೆಲ್ಲ ಬಾಯಿಚಪಲವನ್ನೂ ಸೋಮಾರಿತನವನ್ನೂ ದೂರುವುದು ರೂಢಿಯಾಗಿಬಿಟ್ಟಿದೆ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಅತಿತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ 2015-16ರಲ್ಲಿ ಶೇ 21ರಷ್ಟಿದ್ದುದು 2019-21ರ ಹೊತ್ತಿಗೆ ಶೇ 24ಕ್ಕೂ, ಪುರುಷರಲ್ಲಿ ಶೇ 19ರಿಂದ ಶೇ 23ಕ್ಕೂ ಏರಿದೆ. ಇಷ್ಟು ಕಡಿಮೆ ಅವಧಿಯಲ್ಲಿ ದೇಶದ ಜನರೆಲ್ಲ ಸಂಯಮ ಕಳೆದುಕೊಂಡರೆಂದು ನಂಬುವುದು ಹೇಗೆ? ಜನರ ಕೈಗೆಟಕುವ ಆಹಾರವನ್ನೇ ಮಾರುಕಟ್ಟೆ ಬದಲಿಸಿದೆ ಎಂಬುದಕ್ಕೆ ಸಾಕ್ಷಿ ಹುಡುಕಲು ನಮ್ಮ ಚಿತ್ರದುರ್ಗ ಜಿಲ್ಲೆಯನ್ನು ದಾಟಬೇಕಾಗಿಲ್ಲ.

ಶೇಂಗಾ ಎಣ್ಣೆ ಮಿಲ್ಲುಗಳಿಂದಲೇ ಹೆಸರಾಗಿದ್ದ ಊರು ಚಳ್ಳಕೆರೆ. 1991ರ ಉದಾರೀಕರಣದ ಮುಂದುವರಿಕೆಯಾಗಿ 1994ರಲ್ಲಿ ಪಾಮೋಲಿನ್ ಎಂಬ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ, ಇಂಡೊನೇಷ್ಯಾ, ಮಲೇಷ್ಯಾಗಳಿಂದ ಬಂದ ಅಗ್ಗದ ಎಣ್ಣೆಯ ಎದುರು, ಮೊದಲೇ ಮಳೆ ಕೈಕೊಡುವ ಈ ಸೀಮೆಯ ಶೇಂಗಾ ನಿಲ್ಲಲಾರದೆ ಅನೇಕ ಮಿಲ್ಲುಗಳು ಬಾಗಿಲು ಹಾಕಿದವು. ಬಡವರ ಒಗ್ಗರಣೆಗೆ ಆ ಎಣ್ಣೆ ಒದಗಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕುರುಕಲು ತಿಂಡಿಯ ಪೊಟ್ಟಣವನ್ನು ಐದು ರೂಪಾಯಿಗೆ ಹಳ್ಳಿಹಳ್ಳಿಗೂ ಮುಟ್ಟಿಸಲು ಕಂಪನಿಗಳಿಗೆ ಅನುವು ಮಾಡಿಕೊಟ್ಟದ್ದೂ ಅದೇ ಎಣ್ಣೆ.

ಅಮೆರಿಕ, ಕೆನಡಾಗಳೊಂದಿಗಿನ 1994ರ ಮುಕ್ತ ವ್ಯಾಪಾರ ಒಪ್ಪಂದದ ನಂತರ ಇದೇ ಹಾದಿ ಹಿಡಿದ ಮೆಕ್ಸಿಕೊ, ಬೊಜ್ಜನ್ನು ತಡೆಯಲು 2014ರಲ್ಲಿ ಸಕ್ಕರೆ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಬೇಕಾಯಿತು. ಚಿಲಿ 2016ರಿಂದ ಇಂತಹ ಪೊಟ್ಟಣಗಳ ಮುಂಭಾಗದಲ್ಲಿ ಕಪ್ಪು ಎಚ್ಚರಿಕೆ ಮುದ್ರೆಯನ್ನು ಕಡ್ಡಾಯಗೊಳಿಸಿ, ಶಾಲೆಗಳಲ್ಲಿ ಅವುಗಳ ಮಾರಾಟವನ್ನು ನಿಷೇಧಿಸಿದೆ.

ನಮ್ಮಲ್ಲಿಯೂ ನಿಯಮವಿದೆ. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರುವಂತಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ವಿಧಿಸಿದೆ. ಆದರೂ ಚಿತ್ರದುರ್ಗದಲ್ಲಿ ನಾನು ಕಂಡಿರುವ ಹಲವು ಶಾಲೆಗಳ ಮುಂದೆ, ಗೂಡಂಗಡಿಯ ಸೂರಿನಿಂದ ಪುಟ್ಟ ಮಕ್ಕಳ ಕೈಗೂ ಎಟಕುವಷ್ಟು ಕೆಳಗೆ ಪೊಟ್ಟಣಗಳ ಸರ ಇಳಿಬಿದ್ದಿರುತ್ತದೆ. ಒಳಗಿರುವುದು ತಾಳೆ ಎಣ್ಣೆಯಲ್ಲಿ ಕರಿದದ್ದೆಂಬುದು ಹಿಂಬದಿಯ ಮಡಿಕೆಯಲ್ಲಿ, ಕನ್ನಡಕ ಹಾಕಿಕೊಂಡರೂ ಓದಲಾಗದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಶೇಂಗಾ ಬೆಳೆಯುವ ಜಿಲ್ಲೆಯ ಮಕ್ಕಳಿಗೆ ಶಾಲೆಯ ಮುಂದೆ ಶೇಂಗಾ ಚಿಕ್ಕಿ ಸಿಗುವುದು ಅಪರೂಪವಾಗಿರುವುದು ನನಗೆ ತೀರಾ ನೋವಿನ ಸಂಗತಿ. ಇದಕ್ಕೆ ಗೂಡಂಗಡಿಯವರನ್ನು ದೂರಲಾರೆ, ಓಡುವ ಸರಕನ್ನು ಇಡದಿದ್ದರೆ ಅವರ ಮನೆ ನಡೆಯದು.

ಆದ್ದರಿಂದ ಜಿಲ್ಲಾಡಳಿತವು ಬಡ ವ್ಯಾಪಾರಿಗಳಿಗೆ ದಂಡ ಹಾಕಿ ಕೈತೊಳೆದುಕೊಳ್ಳದೆ, ಸರಕು ಪೂರೈಸುವ ವಿತರಕರನ್ನೇ ಮೊದಲು ಕರೆಸಿ 50 ಮೀಟರ್ ನಿಯಮವನ್ನು ಜಾರಿಗೆ ತರಬೇಕು. ಸ್ತ್ರೀಶಕ್ತಿ ಸಂಘಗಳು ತಯಾರಿಸುವ ಚಿಕ್ಕಿ, ಉಂಡೆಗಳನ್ನು ಅದೇ ಐದು ರೂಪಾಯಿಗೆ ಆ ಅಂಗಡಿಗಳಿಗೆ ತಲುಪಿಸುವ ವ್ಯವಸ್ಥೆ ಮಾಡಬೇಕು. ಪೊಟ್ಟಣದ ಮುಂಭಾಗದಲ್ಲಿ ಕನ್ನಡದ ಎಚ್ಚರಿಕೆಯನ್ನು ಕಡ್ಡಾಯಗೊಳಿಸುವಂತೆ ನಮ್ಮ ಸಂಸದರು ಕೇಂದ್ರ ಸರ್ಕಾರವನ್ನು ಒತ್ತಾಯಿಸಬೇಕು.

— ನಿವೃತ್ತ ಶಿಕ್ಷಕಿ, ಚಿತ್ರದುರ್ಗ